ಕೋಲಿನವರು, ಅಂಗಡಿಯವರು ಮತ್ತು ಅಮ್ಮನ ಅವಲಕ್ಕಿ ಸರ

ಕೋಲು ಹಿಡಿದು ನೆಲ ಕೆದಕುತ್ತ ತಿರುಗುವ ಗಂಡಸರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಮೆಟಲ್ ಡಿಟೆಕ್ಟರ್ ಅಂತ ಅದರ ಹೆಸರು. ತುದಿಗೊಂದು ತಟ್ಟೆ, ಹಿಡಿಯ ಹತ್ತಿರ ಒಂದು ಗುಂಡಿ, ಕಿವಿಗೆ ಎರಡು ಕರೀ ಬಿಲ್ಲೆ. ಬೆಳಗಾಗುವುದೇ ತಡ, ನಮ್ಮೂರಿನ ಅರ್ಧ ಗಂಡಸರು ಅದನ್ನು ಹೆಗಲಿಗೇರಿಸಿಕೊಂಡು ಹಳೇ ಕವಾಯತು ಮೈದಾನಕ್ಕೋ ಹೊಳೆದಂಡೆಗೋ ಹೊರಟುಬಿಡುತ್ತಾರೆ. ಕೋಲು ಕುಂಯ್ ಅಂದರೆ ಸಾಕು, ಮಂಡಿಯೂರಿ ಕೂತು ಸಣ್ಣ ಸಲಿಕೆಯಲ್ಲಿ ಮಣ್ಣು ಬಗೆಯುತ್ತಾರೆ. ಸಂಜೆ ಮನೆಗೆ ಬಂದು ಜೇಬು ಬರಿದು ಮಾಡಿದರೆ ಎರಡು ಸೋಡಾ ಮುಚ್ಚಳ, ಒಂದು ಎತ್ತಿನ ಲಾಳ, ಬಗ್ಗಿದ ಮೊಳೆ. ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರಲ್ಲ, ಇವರು ಹಿಡಿದದ್ದು ಅದೂ ಅಲ್ಲ. ಇಲಿಯಾದರೂ ಬಾಲ ಅಲ್ಲಾಡಿಸುತ್ತದೆ. ಹತ್ತು ವರ್ಷಕ್ಕೊಮ್ಮೆ ಯಾರಿಗೋ ಒಂದು ಉಂಗುರ ಸಿಕ್ಕಿಬಿಟ್ಟರೆ ಮುಗಿಯಿತು, ಅವನು ಸಾಯುವವರೆಗೆ ಹೋಟೆಲಿನಲ್ಲಿ ಕೂತು ಅದೇ ಕಥೆ ಹೇಳುತ್ತಾನೆ, ಮಿಕ್ಕವರು ಬಾಯಿ ತೆರೆದುಕೊಂಡು ಕೇಳುತ್ತಾರೆ.

ನಾನು ಅಂಗಡಿಯ ಕಡೆಯವಳು. ನಮ್ಮೂರಲ್ಲಿ ಹಳೇ ಸಾಮಾನಿನ ಅಂಗಡಿಗಳು ಏಳಿವೆ. ಸತ್ತವರ ಸಾಮಾನು, ಊರು ಬಿಟ್ಟವರ ಸಾಮಾನು, ಪಾಲಿನ ಜಗಳದಲ್ಲಿ ಯಾರಿಗೂ ಬೇಡವಾಗಿ ಉಳಿದ ಸಾಮಾನು, ಎಲ್ಲ ಅಲ್ಲಿಗೆ ಬಂದು ಬೀಳುತ್ತದೆ. ಅದರೊಳಗೆ ಅಡಗಿದ್ದನ್ನು ಹುಡುಕುವುದಕ್ಕೆ ತಲೆ ಬೇಕು, ಬೆರಳು ಬೇಕು. ಕೋಟಿನ ಅಸ್ತರು ಒಂದು ಕಡೆ ದಪ್ಪಗಿದ್ದರೆ ಯಾಕೆ ಅಂತ ಕೇಳಬೇಕು. ಟ್ರಂಕು ಹೊರಗಿನಿಂದ ಒಂದು ಗೇಣು ಆಳವಿದ್ದು ಒಳಗೆ ಮುಕ್ಕಾಲು ಗೇಣಿದ್ದರೆ ಅದರ ತಳ ಸುಳ್ಳು ಹೇಳುತ್ತಿದೆ ಅಂತ ಗೊತ್ತಾಗಬೇಕು. ಗೋಡೆ ಗಡಿಯಾರದ ಬೆನ್ನಿನಲ್ಲಿ ಅಂಟಿಸಿಟ್ಟ ಮೂಗುಬೊಟ್ಟು ನನಗೆ ಸಿಕ್ಕಿದೆ. ಕೆಟ್ಟ ಹಾರ್ಮೋನಿಯಮ್ಮಿನ ಒಳಗೆ ಬೆಳ್ಳಿಯ ಉಡಿದಾರ ಸಿಕ್ಕಿದೆ. ಹಾಗಂತ ನಮ್ಮ ಕಡೆ ದಡ್ಡರಿಗೆ ಬರವಿದೆ ಅಂತಲ್ಲ. ಕಂಡ ಮಂಚದ ಕಾಲನ್ನೆಲ್ಲ ವೈದ್ಯರ ಹಾಗೆ ತಟ್ಟಿ ನೋಡುವ ಹೆಂಗಸರಿದ್ದಾರೆ, ಒಂದು ಹರಳಿನ ಆಸೆಗೆ ಮನೆ ತುಂಬ ಒಡಕು ಪಿಂಗಾಣಿ ತುಂಬಿಕೊಂಡವರಿದ್ದಾರೆ. ಆದರೆ ಅವರ ಮಂಡಿಗೆ ಮಣ್ಣು ಹತ್ತಿರುವುದಿಲ್ಲ.

ಊರು ಹೀಗೆ ಎರಡು ಪಂಗಡವಾಗಿ ಹುಡುಕುತ್ತಲೇ ಇರುವುದು ಬರೀ ಆಸೆಯಿಂದಲ್ಲ. ನಮ್ಮೂರಲ್ಲಿ ಕಳೆದವರ ಕಣ್ಣಿಗೆ ಕಳೆದದ್ದು ಮತ್ತೆ ಕಾಣುವುದಿಲ್ಲ, ಕೈಗೂ ತಾಕುವುದಿಲ್ಲ. ವಸ್ತು ಯಾರದ್ದು ಅನ್ನುವುದು ಲೆಕ್ಕಕ್ಕಿಲ್ಲ, ಯಾರ ಕೈಯಿಂದ ಕಳೆಯಿತು ಅನ್ನುವುದಷ್ಟೇ. ಬೇರೆಯವರು ಹುಡುಕಿ ತಂದು ಮೂಗಿನ ಕೆಳಗೆ ಹಿಡಿದರೂ ಅಷ್ಟೇ, ಮುಂದೆ ಎಂದೂ ಕಾಣುವುದಿಲ್ಲ. ಕನ್ನಡಕ ಕಳೆದ ಮೇಷ್ಟರು ಸಿಕ್ಕಿದ ಕನ್ನಡಕವನ್ನು ಬೇರೆಯವರ ಕೈಯಲ್ಲಿ ಅಂಗಡಿಗೆ ಕೊಡಿಸಿ, ಇನ್ನೊಬ್ಬರು ಕಳೆದ ಕನ್ನಡಕವನ್ನು ಹಾಕಿಕೊಳ್ಳುತ್ತಾರೆ. ಕೊಡೆ ಕಳೆದವನು ಅದನ್ನು ಹೆಂಡತಿಗೆ ಬಿಟ್ಟುಕೊಟ್ಟು, ಮಳೆಯಲ್ಲಿ ಅವಳು ಬರಿಗೈ ಎತ್ತಿಕೊಂಡು ಒದ್ದೆಯಾಗದೆ ಬರುವುದನ್ನು ನೋಡುತ್ತಾನೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವುದು ಬೇರೆ ಊರಲ್ಲಿ ಗಾದೆಯಂತೆ. ನಮ್ಮಲ್ಲಿ ಅದು ದಿನದ ಪಾಡು. ಹಾಗಾಗಿ ಒಬ್ಬರದನ್ನು ಒಬ್ಬರು ಹುಡುಕುತ್ತ ಇರುತ್ತೇವೆ.

ನನಗೆ ಮಾತ್ರ ಆ ಗತಿ ಬಂದಿರಲಿಲ್ಲ. ನಾನು ಒಂದು ಗುಂಡುಸೂಜಿಯನ್ನೂ ಕಳೆದವಳಲ್ಲ ಅಂತ ಐವತ್ತೆಂಟು ವರ್ಷ ಎದೆ ಸೆಟೆಸಿ ಹೇಳಿಕೊಂಡು ಬಂದಿದ್ದೆ. ಕಳೆಯುವುದು ಅಂದರೆ ಸೋಮಾರಿತನ, ಅಷ್ಟೇ. ಇಡುವ ಜಾಗದಲ್ಲಿ ಇಡದವರು, ಇಡುವಾಗ ಮನಸ್ಸು ಎಲ್ಲೋ ಇಟ್ಟುಕೊಂಡವರು ಕಳೆಯುತ್ತಾರೆ. ಇದನ್ನು ನಾನು ಮದುವೆಮನೆಯ ಪಂಕ್ತಿಯಲ್ಲೂ ಹೇಳಿದ್ದೇನೆ, ಸಾವಿನ ಮನೆಯಲ್ಲೂ ಹೇಳಿದ್ದೇನೆ. ನೀಲಮ್ಮ ಬಂದಳು ಅಂದರೆ ಜನ ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ನಮ್ಮಮ್ಮನ ಅವಲಕ್ಕಿ ಸರ ಹೋಗಿ ಒಂಬತ್ತು ವರ್ಷವಾಗಿತ್ತು. ಎರಡೆಳೆಯದು, ಚಪ್ಪಟೆ ಕಾಳಿನದು, ನಡುವೆ ಕೆಂಪು ಹರಳಿನ ಪದಕ. ಅಮ್ಮ ನನ್ನ ತಮ್ಮ ಪರಶಿವನ ಮನೆಯಲ್ಲಿದ್ದಳು. ಕೊನೆಯ ಹದಿನೈದು ದಿನ ನಾನೂ ಅಲ್ಲೇ ಇದ್ದು ಅವಳ ಮೈ ಒರೆಸಿ, ಗಂಜಿ ಕುಡಿಸಿ, ಹಾಸಿಗೆ ಬದಲಿಸಿ, ಹಗಲೂ ರಾತ್ರಿ ಕಣ್ಣು ಮುಚ್ಚದೆ ನೋಡಿಕೊಂಡೆ. ಮೈ ಒರೆಸುವಾಗ ಸರ ತೆಗೆದದ್ದು ನಾನೇ. ತೆಗೆದು ಅದರ ಡಬ್ಬಿಯನ್ನು ಕಪಾಟಿನಲ್ಲಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ತಮ್ಮನ ಹೆಂಡತಿ ವಾರಿಜಳ ಕೈಗೆ ಕೊಟ್ಟೆ. ಅಮ್ಮನ ಕಾರ್ಯವೆಲ್ಲ ಮುಗಿದ ಮೇಲೆ ಹತ್ತು ಜನ ನೆಂಟರ ಮುಂದೆ ಡಬ್ಬಿ ತೆಗೆದರೆ ಒಳಗೆ ಏನೂ ಇರಲಿಲ್ಲ. ನನಗೆ ಮಾತ್ರವಲ್ಲ, ಆ ಹತ್ತು ಜನಕ್ಕೂ ಡಬ್ಬಿ ಖಾಲಿಯೇ ಕಂಡಿತು. ಅಂದ ಮೇಲೆ ಸರ ಅಲ್ಲಿಲ್ಲ ಅಂತಾಯಿತು. ಬೀಗದ ಕೈ ಯಾರ ಹತ್ತಿರ ಇತ್ತು ಅಂತ ಕೇಳಿದೆ. ಎಲ್ಲರೂ ವಾರಿಜಳನ್ನು ನೋಡಿದರು. ಅವಳು ಮುಖ ಕೆಂಪಗೆ ಮಾಡಿಕೊಂಡು ಸೆರಗು ಸರಿ ಮಾಡಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಅಂತ ನಾನು ಎಲ್ಲರೆದುರು ಅಂದುಬಿಟ್ಟೆ.

ನಮ್ಮೂರಲ್ಲಿ ಕದ್ದ ದೂರು ಹೊತ್ತವರು ಮೈಮೇಲೆ ಲೋಹ ತೊಡುವಂತಿಲ್ಲ. ವಸ್ತು ಸಿಕ್ಕಬೇಕು, ಇಲ್ಲವೇ ದೂರು ಹೇಳಿದವರು ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು, ಅಲ್ಲಿಯವರೆಗೆ ಹಾಗೆಯೇ. ವಾರಿಜ ಅವತ್ತೇ ಓಲೆ ಬಿಚ್ಚಿದಳು, ಕಾಲುಂಗುರ ತೆಗೆದಳು, ತಾಳಿ ತೆಗೆದು ಗಂಡನ ಕೈಗೆ ಕೊಟ್ಟು ಅರಿಸಿನ ಕೊಂಬನ್ನು ದಾರದಲ್ಲಿ ಕಟ್ಟಿಕೊಂಡಳು. ಸೀರೆಗೆ ಪಿನ್ನು ಕೂಡ ಇಲ್ಲ. ಹಾಲಿನ ಅಂಗಡಿಗೆ ಹೋಗುವಾಗ ಒಂದು ಕೈ ಯಾವಾಗಲೂ ಸೆರಗಿನ ಮೇಲೆಯೇ. ನನ್ನ ತಮ್ಮ ಮಾರನೇ ತಿಂಗಳೇ ಕೋಲು ಕೊಂಡ. ಅಮ್ಮ ಹಿತ್ತಲಲ್ಲೋ ಕೊಟ್ಟಿಗೆಯ ಹಿಂದೋ ಹೂತಿಟ್ಟಿರಬೇಕು, ಮಂಕು ಕವಿದ ಹೊತ್ತಲ್ಲಿ ಎದ್ದು ಹೋಗಿ ಹಾಕಿ ಬಂದಿರಬೇಕು ಅಂತ ಅವನ ವಾದ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಲಾಗದ ಮುದುಕಿ ಗುದ್ದಲಿ ಹಿಡಿದಳಂತೆ. ಹಿತ್ತಲು ಮುಗಿಸಿದ, ಗದ್ದೆ ಮುಗಿಸಿದ, ಹೊಳೆದಂಡೆಯನ್ನೆಲ್ಲ ಎರೆಹುಳದ ಹಾಗೆ ತಿರುವಿ ಹಾಕಿದ. ಒಂದು ದಿನ ಅಂಗಳದಲ್ಲಿ ಅವನು ಕೋಲು ಬೀಸುತ್ತಿರುವಾಗ ವಾರಿಜ ಅಡ್ಡ ಬಂದಳು. ಕೋಲು ಅವಳ ಅಡಿಯಿಂದ ಮುಡಿಯವರೆಗೆ ಹಾಯ್ದರೂ ಒಂದು ಸದ್ದು ಮಾಡಲಿಲ್ಲ. ಬೀದಿಯವರು ನಕ್ಕರು. ನಾನೂ ನಕ್ಕೆ ಅಂತ ಈಗ ಒಪ್ಪಿಕೊಳ್ಳುತ್ತೇನೆ.

ನಾನು ಹುಡುಕಿದ್ದು ಅಂಗಡಿಗಳಲ್ಲಿ. ವಾರಿಜ ಸರವನ್ನು ಕದ್ದು ಮಾರಿದ್ದರೆ, ಕೊಂಡವರು ಅದನ್ನು ಬಚ್ಚಿಟ್ಟಿರುತ್ತಾರೆ, ಬಚ್ಚಿಟ್ಟದ್ದು ಒಂದಲ್ಲ ಒಂದು ದಿನ ಹಳೇ ಸಾಮಾನಿನ ಜೊತೆ ಹೊರಗೆ ಬರುತ್ತದೆ, ನನ್ನ ಲೆಕ್ಕ ಇದು. ಹೆಚ್ಚಾಗಿ ಹೋಗುತ್ತಿದ್ದುದು ಮೊಹಿದ್ದೀನ್ ಸಾಹೇಬರ ಅಂಗಡಿಗೆ. ಅಮ್ಮನ ಹಾಸಿಗೆ, ದಿಂಬು, ಕಂಬಳಿ ಎಲ್ಲ ಹೋಗಿದ್ದೂ ಅಲ್ಲಿಗೇ. ಸತ್ತವರ ಹಾಸಿಗೆಯನ್ನು ಮನೆಯವರು ಒಮ್ಮೆ ಒತ್ತಿ ನೋಡಿ, ಏನೂ ಇಲ್ಲ ಅಂತ ಹೇಳಬೇಕು. ಹೇಳಿದ ಮೇಲೆ ಅಂಗಡಿಯವರು ಅದಕ್ಕೊಂದು ಕರೀ ದಾರದ ಗಂಟು ಹಾಕುತ್ತಾರೆ. ಗಂಟು ಬಿದ್ದ ಹಾಸಿಗೆಯನ್ನು ಹೊರಗಿನವರು ಯಾರೂ ಮುಟ್ಟುವುದಿಲ್ಲ, ಕೊಳ್ಳುವುದಂತೂ ಇಲ್ಲವೇ ಇಲ್ಲ. ಅಮ್ಮನದನ್ನು ಒತ್ತಿ ನೋಡಿದವಳು ನಾನು. ಏನೂ ಇಲ್ಲ ಅಂದವಳೂ ನಾನು. ನನ್ನ ಬೆರಳಿನ ಮೇಲೆ ಊರಿಗೆಲ್ಲ ನಂಬಿಕೆಯಿದ್ದುದರಿಂದ ಸಾಹೇಬರು ಎರಡನೇ ಮಾತಾಡದೆ ಗಂಟು ಹಾಕಿ ಹಿಂದಿನ ಅಟ್ಟಣಿಗೆಯಲ್ಲಿ ಇಟ್ಟುಬಿಟ್ಟರು.

ಕಳೆದ ವೈಶಾಖದಲ್ಲಿ ಪರಶಿವ ನಮ್ಮ ಮನೆಗೆ ಬಂದ. ಹಾಗೆ ಬರುವವನಲ್ಲ. ಬಂದವನು ಜಗಲಿಯ ಮೇಲೆ ಕೂತು, ಕೊಟ್ಟ ಕಾಫಿಯನ್ನು ಮುಟ್ಟದೆ, ಈ ಭಾನುವಾರ ಊರು ಬಿಡುತ್ತಿದ್ದೇವೆ ಅಂದ. ವಾರಿಜ ತೀರ್ಮಾನ ಮಾಡಿದ್ದಾಳಂತೆ. ಇನ್ನು ಈ ಊರಲ್ಲಿ ಮೈ ಬರಿದು ಮಾಡಿಕೊಂಡು ತಿರುಗಲಾರೆ, ನೀವು ಬಂದರೆ ಸರಿ, ಬರದಿದ್ದರೆ ನಾನೊಬ್ಬಳೇ ಅಣ್ಣನ ಊರಿಗೆ ಹೋಗುತ್ತೇನೆ ಅಂದಳಂತೆ. ಅಲ್ಲಿ ಯಾರೂ ಯಾರ ಕಿವಿಯನ್ನೂ ನೋಡುವುದಿಲ್ಲವಂತೆ. ಹೆಂಡತಿಯ ಹಿಂದೆ ಹೋಗುವುದಕ್ಕೆ ಒಂಬತ್ತು ವರ್ಷ ನೆಲ ಅಗೆಯಬೇಕಿತ್ತೇನೋ ಅಂತ ಕೇಳಿದೆ.

"ಅಕ್ಕ, ಅವಳು ತಗೊಂಡಿಲ್ಲ ಅಂತ ಒಂದೇ ಒಂದ್ಸಲ ಹೇಳಿಬಿಡು. ನಾವು ಎಲ್ಲಿಗೂ ಹೋಗಲ್ಲ" ಅಂದ.

ಸರ ಎಲ್ಲಿದೆ ಅಂತ ಅವಳು ಹೇಳಲಿ, ಆಮೇಲೆ ನಾನು ಹೇಳುತ್ತೇನೆ ಅಂದೆ. ಅವನು, ಅವಾಗ ನಿನಗೂ ನಿದ್ದೆಯಿರಲಿಲ್ಲ ಅಕ್ಕ, ನೀನೇ ಎಲ್ಲಾದರೂ ಇಟ್ಟು ಮರೆತಿರಬಹುದಾ ಅಂತ ಮೆಲ್ಲಗೆ ಕೇಳಿದ. ನನಗೆ ಎಲ್ಲಿತ್ತೋ ಸಿಟ್ಟು. ಸೋಡಾ ಮುಚ್ಚಳ ಹೆಕ್ಕುವವನು ನನಗೆ ಬುದ್ಧಿ ಹೇಳುವ ಹಾಗಾದನೇ ಅಂತ ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. ಹೋಗುವವರು ಹೋಗಲಿ, ಕಳ್ಳಿಯ ಜೊತೆ ಬಾಳುವವನಿಗೆ ಅಕ್ಕ ಯಾಕೆ ಅಂತಲೂ ಅಂದೆ. ಅವನು ಎದ್ದು ಹೋದ. ಅವನು ಹೋದ ಮೇಲೆ ಆ ತಣ್ಣಗಾದ ಕಾಫಿಯನ್ನು ನಾನೇ ಕುಡಿದೆ. ಇರುವವನೊಬ್ಬ ತಮ್ಮ. ಬೇಸರವಾಯಿತು, ಆದರೆ ಬಾಗಿಲಿಗೆ ಹೋಗಿ ಕರೆಯುವಷ್ಟು ಅಲ್ಲ.

ಭಾನುವಾರ ಬೆಳಿಗ್ಗೆ ನಾನು ಸಾಹೇಬರ ಅಂಗಡಿಯಲ್ಲಿದ್ದೆ. ಮನೆಯಲ್ಲಿ ಕೂತರೆ ಬಸ್ಸಿನ ಸದ್ದು ಕೇಳುತ್ತದೆ ಅಂತ ಅಲ್ಲಿಗೆ ಹೋಗಿದ್ದೆ ಅಂದರೂ ಸರಿಯೇ. ಒಂದು ಹಳೇ ಹೊಲಿಗೆ ಯಂತ್ರದ ಖಾನೆಗಳನ್ನು ಎಳೆದು ನೋಡುತ್ತಿದ್ದಾಗ ಪರಶಿವ ಬಂದ, ಹೆಗಲ ಮೇಲೆ ಕೋಲು. ಹಿಂದೆಯೇ ವಾರಿಜ, ಕೈಯಲ್ಲಿ ಬಟ್ಟೆಯ ಗಂಟು. ಸಾಮಾನೆಲ್ಲ ಬಸ್ ನಿಲ್ದಾಣಕ್ಕೆ ಹೋಗಿಯಾಗಿತ್ತು, ಉಳಿದದ್ದು ಈ ಕೋಲು. ಇದನ್ನು ಮಾರಿ ಹೋಗುತ್ತೇವೆ ಅಂತ ಸಾಹೇಬರಿಗೆ ಹೇಳಿದ. ನನ್ನನ್ನು ನೋಡಿಯೂ ನೋಡದವನ ಹಾಗಿದ್ದ. ಕೋಲಿನವರು ಅಂಗಡಿಯ ಹೊಸಿಲು ದಾಟುವುದೇ ಅಪರೂಪ, ಅಂಗಡಿಯಲ್ಲಿ ಹುಡುಕುವುದು ಗಂಡಸರ ಕೆಲಸವಲ್ಲ ಅಂತ ಅವರ ಜಂಬ. ಹೊಳೆದಂಡೆಯಲ್ಲಿ ಚಿನ್ನ ಮುಗೀತೇನೋ ಅಂತ ನಾನು ಗಡಿಯಾರಗಳಿಗೆ ಹೇಳಿದೆ.

ಸಾಹೇಬರಿಗೆ ಕೋಲು ಕೆಲಸ ಮಾಡುತ್ತದೆಯೇ ಅಂತ ನೋಡಬೇಕಿತ್ತು. ಅಂಗಡಿಯ ತುಂಬ ಹಿತ್ತಾಳೆ ತಾಮ್ರ ಕಬ್ಬಿಣವೇ ಇರುವುದರಿಂದ ಗುಂಡಿ ಒತ್ತಿದೊಡನೆ ಅದು ಕಿವಿ ಕಿತ್ತುಹೋಗುವ ಹಾಗೆ ಅರಚಿಕೊಂಡಿತು. ಕೂಗುವುದೇನೋ ಸರಿ, ಸುಮ್ಮನಿರುವುದೂ ಗೊತ್ತಿರಬೇಕಲ್ಲ ಅಂದ ಸಾಹೇಬರು ಅವನನ್ನು ಹಿಂದಿನ ಅಟ್ಟಣಿಗೆಯ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಗಂಟು ಹಾಕಿದ ಹಾಸಿಗೆ ದಿಂಬುಗಳನ್ನು ಬಿಟ್ಟರೆ ಏನೂ ಇಲ್ಲ, ಬರೀ ಹತ್ತಿ. ಪರಶಿವ ಕೋಲನ್ನು ಒಂದೊಂದರ ಮೇಲೂ ಆಡಿಸಿದ. ಸದ್ದಿಲ್ಲ. ಸಾಹೇಬರು ತಲೆಯಾಡಿಸಿದರು. ಕೊನೆಗೆ ಮೂಲೆಯಲ್ಲಿದ್ದ ನೀಲಿ ಗೆರೆಯ ದಿಂಬಿನ ಹತ್ತಿರ ಹೋದಾಗ ಕೋಲು ಕುಂಯ್ ಅಂತು. ತೆಗೆದ, ಮತ್ತೆ ಹಿಡಿದ. ಮತ್ತೆ ಕುಂಯ್. ಅದು ನಮ್ಮಮ್ಮನ ತಲೆದಿಂಬು.

ನನಗೆ ನಗು ಬಂತು. ಹತ್ತಿಗೂ ಕಬ್ಬಿಣಕ್ಕೂ ವ್ಯತ್ಯಾಸ ತಿಳಿಯದ ಇದನ್ನು ನಂಬಿಕೊಂಡು ಒಂಬತ್ತು ವರ್ಷ ಹೊಲ ಅಗೆದೆಯಾ ಅಂತ ಕೇಳಿ, ದಿಂಬನ್ನು ಕಿತ್ತುಕೊಂಡೆ. ನಾಲ್ಕೂ ಮೂಲೆ ಒತ್ತಿದೆ. ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿದೆ. ಮಡಿಸಿ ಹಿಂಡಿದೆ. ಹತ್ತಿ, ಬರೀ ಹತ್ತಿ. ಇದನ್ನು ನಾನು ಅವತ್ತೇ ನೋಡಿ ಹೇಳಿದ್ದೇನೆ ಸಾಹೇಬರೇ, ಕೋಲು ಕೆಟ್ಟಿದೆ, ತಗೊಂಡು ಮೋಸ ಹೋಗಬೇಡಿ ಅಂದೆ.

ವಾರಿಜ ಬಟ್ಟೆಗಂಟನ್ನು ಕೆಳಗಿಟ್ಟು ಮುಂದೆ ಬಂದಳು. ಒಂಬತ್ತು ವರ್ಷದಲ್ಲಿ ನನ್ನ ಇಷ್ಟು ಹತ್ತಿರ ಅವಳು ನಿಂತದ್ದಿಲ್ಲ. ನಾನೂ ಮನೆಯವಳೇ, ನಾನೂ ಒಮ್ಮೆ ನೋಡಬಹುದಲ್ಲ ಅಂತ ಸಾಹೇಬರನ್ನು ಕೇಳಿ, ಅವರು ಹೂಂ ಅನ್ನುವ ಮೊದಲೇ ನನ್ನ ಕೈಯಿಂದ ದಿಂಬು ತೆಗೆದುಕೊಂಡಳು. ಒಂದು ಸಲ ಒತ್ತಿದಳು, ಅಷ್ಟೇ. ಅವಳ ಮುಖ ಬದಲಾಯಿತು. ಕತ್ತರಿ ಇಸಿದುಕೊಂಡು ಕರೀ ಗಂಟನ್ನು ಕತ್ತರಿಸಿ, ಹೊಲಿಗೆ ಬಿಚ್ಚಿ, ಒಳಗೆ ಕೈ ಹಾಕಿ ಹತ್ತಿಯನ್ನು ಹೊರಗೆಳೆದಳು. ಹಳದಿಗಟ್ಟಿದ ಹತ್ತಿ ನೆಲದ ತುಂಬ ಬಿತ್ತು. ಆಮೇಲೆ ಅವಳ ಕೈ ಹೊರಗೆ ಬಂತು. ಸಾಹೇಬರು ಯಾ ಅಲ್ಲಾ ಅಂತ ಗಂಟಲಲ್ಲೇ ಅಂದರು. ನನ್ನ ತಮ್ಮ ಕೋಲನ್ನು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟ.

ನನಗೆ ಅವಳ ಕೈ ಮಾತ್ರ ಕಾಣಿಸಿತು.

ಎಲ್ಲರ ಮುಖ ನೋಡಿದೆ. ಅರ್ಥವಾಗುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಇನ್ನೂ ಒಂದು ದಾರಿಯಿದೆ ಅನ್ನಿಸಿತು ಅನ್ನುವುದನ್ನೂ ಹೇಳಿಬಿಡುತ್ತೇನೆ. ಸರ ನನಗೆ ಕಾಣುತ್ತದೆ ಅಂದುಬಿಟ್ಟರೆ ಕಳೆದವಳು ನಾನಲ್ಲ ಅಂತಾಗುತ್ತದೆ, ದಿಂಬಿನಲ್ಲಿ ತುರುಕಿಟ್ಟವಳು ಅವಳೇ ಅಂತ ಹೇಳಬಹುದು. ಅಮ್ಮನ ಸರದ ಒಂದೊಂದು ಕಾಳೂ ನನಗೆ ಬಾಯಿಪಾಠ. ವಾರಿಜ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದಳು. ಬಲಗೈ ಬಿಚ್ಚಿತ್ತು, ಎಡಗೈ ಅರ್ಧ ಮುಚ್ಚಿತ್ತು. ನಾನು ಬಲಗೈಯನ್ನು ದಿಟ್ಟಿಸಿ, ಹೌದು, ಅಮ್ಮನದೇ, ಕೆಂಪು ಹರಳು ಹಾಗೇ ಇದೆ, ಕಳ್ಳಮಾಲು ಎಲ್ಲಿ ಅಡಗಿತ್ತು ನೋಡಿ ಅಂದೆ. ಧ್ವನಿ ಗಟ್ಟಿಯಾಗಿಯೇ ಬಂತು. ತಾ ಇಲ್ಲಿ ಅಂತ ಅವಳ ಬಲ ಅಂಗೈಯಿಂದ ಎತ್ತಿಕೊಳ್ಳುವವಳ ಹಾಗೆ ಬೆರಳು ಕೂಡಿಸಿದೆ.

"ಅತ್ತಿಗೆ, ಸರ ಎಡಗೈಲಿದೆ" ಅಂದಳು ವಾರಿಜ.

ಬೈಯಲಿಲ್ಲ. ನಗಲಿಲ್ಲ. ಎಳೆಯ ಮಗುವಿಗೆ ಹೇಳುವ ಹಾಗೆ ಹೇಳಿದಳು, ಅದಕ್ಕೇ ನನಗೆ ತಡೆಯಲಾಗಲಿಲ್ಲ. ಆಗ ನೆನಪಾಯಿತು. ಅಮ್ಮನನ್ನು ನೋಡಲು ಜನ ಬರುತ್ತಲೇ ಇದ್ದ ದಿನ, ಕಂಡವರೆಲ್ಲ ಕೋಣೆಗೆ ನುಗ್ಗುತ್ತಾರೆ ಅಂತ ಅನುಮಾನ ಪಟ್ಟು, ಸರವನ್ನು ಅವಳ ತಲೆಯ ಕೆಳಗಿನ ದಿಂಬಿನ ಹೊಲಿಗೆ ಬಿಚ್ಚಿ ಒಳಗೆ ಸೇರಿಸಿ, ಅಲ್ಲೇ ಕೂತು ಮತ್ತೆ ಹೊಲಿದವಳು ನಾನು. ಆ ಹೊತ್ತಿಗೆ ನಿದ್ದೆ ಬಿಟ್ಟು ಮೂರು ದಿನವಾಗಿತ್ತು. ಕಪಾಟಿನಲ್ಲಿಟ್ಟು ಬೀಗ ಹಾಕಿದ್ದು ಖಾಲಿ ಡಬ್ಬಿ. ಯಾರನ್ನೂ ನಂಬದೆ ಮಾಡಿದ ಕೆಲಸ ಅದು.

"ನಂಗೆ ಕಾಣಿಸ್ತಿಲ್ಲ ವಾರಿಜ. ಕಳೆದೋಳು ನಾನು" ಅಂದೆ.

ನಮ್ಮ ಪದ್ಧತಿಯಂತೆ ಅದನ್ನು ಹೊಸಿಲಿನಾಚೆ ನಿಂತು ಬೀದಿಗೆ ಕೇಳುವ ಹಾಗೆಯೂ ಹೇಳಬೇಕು. ಹೇಳಿದೆ. ತರಕಾರಿ ಗಾಡಿಯವನು ಗಾಡಿ ನಿಲ್ಲಿಸಿ ಕೇಳಿದ, ಎದುರು ಮಹಡಿಯ ಹೆಂಗಸರು ಕಿಟಕಿಗೆ ಬಂದು ಕೇಳಿದರು. ಅವರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸಲ ನಾನು ಸೋಮಾರಿ ಅಂದಿದ್ದೆ. ಅವರೂ ನನಗೆ ಅದನ್ನೇ ಅಂದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು. ಒಳಗೆ ಬಂದಾಗ ಪರಶಿವ ಅವಳ ಕತ್ತಿನ ಹಿಂದೆ ಬೆರಳು ಆಡಿಸುತ್ತ ಕೊಂಡಿ ಸಿಕ್ಕಿಸುತ್ತಿದ್ದ. ಅವನ ಬೆರಳು ಗಾಳಿಯನ್ನು ಹಿಡಿದು ಗಾಳಿಗೆ ಸಿಕ್ಕಿಸುವುದನ್ನು ನಾನು ನೋಡಿದೆ. ವಾರಿಜ ಕಣ್ಣು ಮುಚ್ಚಿಕೊಂಡು ಅಳುತ್ತ ನಿಂತಿದ್ದಳು. ಅಷ್ಟು ಅಳು ಅವಳೊಳಗಿತ್ತು ಅಂತ ನನಗೆ ಗೊತ್ತಿರಲಿಲ್ಲ.

ಅವರು ಊರು ಬಿಡಲಿಲ್ಲ. ಬಸ್ ನಿಲ್ದಾಣದಿಂದ ಸಾಮಾನನ್ನು ವಾಪಸು ಹೊತ್ತು ತಂದದ್ದರಲ್ಲಿ ಎರಡು ಗಂಟು ನಾನೂ ಹೊತ್ತೆ. ಕ್ಷಮಿಸು ಅಂತ ಕೇಳಿದ್ದೇನೆ. ಅವಳು ಕ್ಷಮಿಸಿದೆ ಅಂತಲೂ ಹೇಳಿಲ್ಲ, ಇಲ್ಲ ಅಂತಲೂ ಹೇಳಿಲ್ಲ. ವಾರಕ್ಕೊಮ್ಮೆ ಅವರ ಮನೆಗೆ ಹೋದರೆ ಕಾಫಿ ಕೊಡುತ್ತಾಳೆ, ಎದುರು ಕೂತು ಮಾತಾಡುತ್ತಾಳೆ. ತಾಳಿಯನ್ನು ಸೆರಗಿನೊಳಗೆ ಹಾಕಿಕೊಂಡು ಸರವನ್ನು ಮೇಲೆ ಹಾಕಿಕೊಳ್ಳುತ್ತಾಳಂತೆ. ಬಂದ ಹೆಂಗಸರೆಲ್ಲ ನಿನಗೆ ಎಷ್ಟು ಒಪ್ಪುತ್ತದೆ ಅನ್ನುತ್ತಾರೆ, ಹೊಳಪು ಇನ್ನೂ ಹಾಗೇ ಇದೆಯಂತೆ. ನಾನೂ ಹೂಂ ಅನ್ನುತ್ತೇನೆ. ನನಗೆ ಮಾತ್ರ ಅವಳ ಕೊರಳು ಒಂಬತ್ತು ವರ್ಷ ನಾನು ಇರಿಸಿದ್ದ ಹಾಗೆ ಬರಿದಾಗಿಯೇ ಕಾಣುತ್ತದೆ.